ಕಾಲಿನವರ ಸಾಲು

ನಮ್ಮ ಮನರಂಜನಾ ಪಾರ್ಕಿಗೆ ಬರುವ ಜನ ಎರಡೇ ಬಗೆ. ಪಟ್ಟಿಯವರು, ಕಾಲಿನವರು. ದುಡ್ಡು ಕೊಟ್ಟು, ತಿಂಗಳ ಮೊದಲೇ ಫೋನಿನಲ್ಲಿ ಇಂಥ ದಿನ ಇಂಥ ಗಂಟೆ ಅಂತ ಜಾಗ ಹಿಡಿದಿಟ್ಟು, ಕೈಗೆ ಹಸಿರು ಪಟ್ಟಿ ಕಟ್ಟಿಕೊಂಡು ಎಡಗಡೆ ಬಾಗಿಲಿಂದ ಬರುವವರು ಪಟ್ಟಿಯವರು. ಹತ್ತು ನಿಮಿಷದಲ್ಲಿ ಗಾಡಿ ಹತ್ತುತ್ತಾರೆ. ಬಲಗಡೆ ಬಾಗಿಲಿಂದ ಬಂದು ಎರಡು ಗಂಟೆ, ಮೂರು ಗಂಟೆ ನಿಂತೇ ಇರುವವರು ಕಾಲಿನವರು. ಈ ಹೆಸರು ಇಟ್ಟದ್ದು ನಾವು ಕೆಲಸದವರು. ಕಂಪನಿಯ ಬಾಯಲ್ಲಿ ಇಬ್ಬರೂ ಮಾನ್ಯ ಅತಿಥಿಗಳೇ.

ಎರಡು ಸಾಲೂ ಬಂದು ಕೂಡುವ ಜಾಗದಲ್ಲಿ, ಗಾಡಿ ನಿಲ್ಲುವ ಕಟ್ಟೆಗೆ ಆರು ಮೆಟ್ಟಿಲು ಕೆಳಗೆ, ಕೆಂಪು ಹಗ್ಗ ಹಿಡಿದು ನಿಲ್ಲುವವಳು ನಾನು. ಗಾಡಿಯಲ್ಲಿ ಇಪ್ಪತ್ತನಾಲ್ಕು ಸೀಟು. ನಾನು ಕೆಲಸಕ್ಕೆ ಸೇರಿದಾಗ ಇದ್ದದ್ದು ಒಂದೇ ಸಾಲು. ಆಮೇಲೆ ಪಟ್ಟಿ ಬಂತು, ಹನ್ನೆರಡು ಅವರು ಹನ್ನೆರಡು ಇವರು ಅಂದರು. ಆಮೇಲೆ ಹದಿನಾರು, ಎಂಟು. ಈಗ ಇಪ್ಪತ್ತು ಪಟ್ಟಿಯವರನ್ನು ಬಿಟ್ಟರೆ ನಾಲ್ಕು ಕಾಲಿನವರನ್ನು ಬಿಡಬೇಕು. ಎರಡು ಕೈಯಲ್ಲೂ ಎಣಿಸುವ ಗುಂಡಿ, ಹಗ್ಗ ಮೊಣಕೈಯಲ್ಲಿ. ಮೇಲೆ ತಣ್ಣಗೆ ಕೂತು ಲೆಕ್ಕ ಬದಲಾಯಿಸುವವರು ಯಾರೋ, ಬಿಸಿಲಲ್ಲಿ ನಿಂತು ಉಗಿಸಿಕೊಳ್ಳುವವಳು ನಾನು. 'ನಾನು ಹಗ್ಗ ಹಿಡಿಯೋಳು ಸ್ವಾಮಿ, ಹಗ್ಗ ಹೊಸೆದೋಳಲ್ಲ' ಅಂತ ದಿನಕ್ಕೆ ನಲವತ್ತು ಸಲ ಹೇಳುತ್ತೇನೆ.

ನನಗೆ ಕೋಪ ಮೂಗಿನ ತುದಿಯಲ್ಲೇ ಅಂತ ನಮ್ಮತ್ತೆ ಬೀದಿಗೆಲ್ಲ ಸಾರಿಕೊಂಡು ಬರುತ್ತಾರೆ. ಇದೆ, ಅದಕ್ಕೇನೀಗ? ಅನ್ಯಾಯ ಕಣ್ಣಿಗೆ ಬಿದ್ದರೆ ನನಗೆ ಸುಮ್ಮನಿರೋಕಾಗಲ್ಲ. ಕಳೆದ ವರ್ಷ ನನ್ನ ಜೊತೆ ಹಗ್ಗ ಹಿಡಿಯುತ್ತಿದ್ದವನೊಬ್ಬ, ದಪ್ಪ ಕನ್ನಡಕದವನು, ಎಲ್ಲರೂ ಅವನನ್ನು ಸೋಡಾಬುಡ್ಡಿ ಅಂತಲೇ ಕರೆಯುವುದು. ಒಂದು ಭಾನುವಾರ ತನ್ನ ಭಾಮೈದನ ಸಂಸಾರವನ್ನು, ಐದು ಜನ, ಸದ್ದಿಲ್ಲದೆ ಹಗ್ಗದ ಅಡಿಯಿಂದ ನುಸುಳಿಸಿಬಿಟ್ಟ. ನಾನು ಬಿಡುತ್ತೇನಾ? ಮುನ್ನೂರು ಜನರ ಎದುರಿಗೇ ಗಂಟಲು ಹರಿಯುವ ಹಾಗೆ ಕೂಗಿದೆ, 'ನಿನ್ನ ಭಾಮೈದನದು ಮಾತ್ರ ಕಾಲು, ಇವರದ್ದೇನು ಕಂಬನಾ?' ಅಂತ. ಕಾಲಿನವರು ಚಪ್ಪಾಳೆ ತಟ್ಟಿದರು. ಸುಳ್ಳು ಯಾಕೆ ಹೇಳಲಿ, ಆ ಚಪ್ಪಾಳೆ ನನಗೆ ಒಂದು ವಾರ ಹಿತವಾಗಿತ್ತು. ಸೋಡಾಬುಡ್ಡಿಯನ್ನು ಕಾರು ನಿಲ್ಲಿಸುವ ಬಯಲಿಗೆ ಹಾಕಿದರು. ಈಗ ಅವನು ಇಡೀ ದಿನ ಕಾರುಗಳಿಗೆ ಕೈ ತೋರಿಸುತ್ತಾ ನಿಂತಿರುತ್ತಾನೆ. ಬೆಳಗ್ಗೆ ನಾನು ಬಂದರೆ ನನಗೂ ಅದೇ ಕೈ ತೋರಿಸಿ, 'ಬನ್ನಿ ಧರ್ಮದೇವತೆ, ಬನ್ನಿ' ಅನ್ನುತ್ತಾನೆ.

ಈಗ ನಮ್ಮತ್ತೆ ವಿಷಯ. ಅವರೂ ಇದೇ ಗಾಡಿಯ ಕೆಲಸದವರು, ನನಗಿಂತ ಎಷ್ಟೋ ಹಳಬರು. ಗಾಡಿಗೆ ಕಾಗದದ ಮೇಲೆ ಏನೋ ದೊಡ್ಡ ಹೆಸರಿದೆ, ನಾವು ಹೆಬ್ಬಾವು ಅನ್ನುತ್ತೇವೆ. ಅಷ್ಟೆತ್ತರ ಏರಿ, ತಲೆಕೆಳಗಾಗಿ ಸುತ್ತಿ, ಬೀಳುವ ಹಾಗೆ ಇಳಿದು ಬರುವ ಕಬ್ಬಿಣದ ಹಳಿ. ಆ ಹಳಿಯ ಅಡಿಯಲ್ಲಿ ಬಲೆ ಕಟ್ಟಿರುತ್ತಾರೆ, ಬಲೆಯ ಅಡಿಯಲ್ಲಿ ಜಲ್ಲಿ. ಮೇಲಿಂದ ಜನ ಬೀಳಿಸಿದ್ದನ್ನೆಲ್ಲ ಅಲ್ಲಿಂದ ಹೆಕ್ಕುವುದು ಅತ್ತೆಯ ಕೆಲಸ. ಹತ್ತೊಂಬತ್ತು ವರ್ಷ ಹೆಕ್ಕಿದರು. ಒಂಟಿ ಚಪ್ಪಲಿ, ಕನ್ನಡಕ, ಬೀಗದ ಕೈ, ಕಿವಿಯ ಓಲೆ, ಒಂದು ಸಲ ಮೇಲುಸಾಲಿನ ಪೂರ್ತಿ ಹಲ್ಲುಸೆಟ್ಟು. ಹಲ್ಲಿನ ಯಜಮಾನ ಬಾಯಿಗೆ ಕರ್ಚೀಫು ಒತ್ತಿಕೊಂಡು ಬಂದು, ಮಾತಾಡಲಾಗದೆ ಬೆರಳಲ್ಲೇ ತೋರಿಸಿದನಂತೆ. 'ಒಂದು ಸಲ ಹಾಕ್ಕೊಂಡು ತೋರ್ಸಿ, ನಿಮ್ದೇನಾ ನೋಡೋಣ ಅಂದೆ ಕಣೇ' ಅಂತ ಅತ್ತೆ ಹೇಳುವಾಗ ನಗು ತಡೆಯಲಾಗದೆ ಗೋಡೆ ಹಿಡಿದುಕೊಳ್ಳುತ್ತಿದ್ದರು.

ಮದುವೆಯಾಗಿ ಬಂದ ಹೊಸತರಲ್ಲಿ ನನಗೂ ಅವರಿಗೂ ಆಗಿಬರುತ್ತಿರಲಿಲ್ಲ. ಈಗಲೂ ಆಗಿಬರುತ್ತದೆ ಅಂತಲ್ಲ, ಅಭ್ಯಾಸವಾಗಿದೆ. ಸಂಜೆ ನಾನು ಮನೆ ಹೊಕ್ಕರೆ, 'ಏನೇ, ಇವತ್ತು ಎಷ್ಟು ಜನರ ಶಾಪ ಹೊತ್ಕೊಂಡು ಬಂದೆ?' ಅನ್ನುವರು. 'ನಿಮ್ದೊಂದು ಬಾಕಿ ಇತ್ತು, ಅದಕ್ಕೇ ಓಡಿ ಬಂದೆ' ಅನ್ನುವೆ. ನನ್ನನ್ನು ಈ ಕೆಲಸಕ್ಕೆ ಸೇರಿಸಿದವರೂ ಅವರೇ. ಮಂಡಿ ಸವೆದು ಕೆಲಸ ಬಿಟ್ಟ ಮೇಲೂ ದಿನಾ ಕೇಳುವರು, ಇವತ್ತು ಹೆಬ್ಬಾವು ಸರಿಯಾಗಿ ಓಡಿತಾ, ಮೂರನೇ ತಿರುವಿನಲ್ಲಿ ಇನ್ನೂ ಕಿರುಗುಟ್ಟುತ್ತಾ ಅಂತ.

ಇಷ್ಟು ವರ್ಷದಲ್ಲಿ ಅವರು ಅದರಲ್ಲಿ ಒಂದು ಸಲವೂ ಕೂತವರಲ್ಲ. ಕೆಲಸದವರು ಕೂರುವ ಹಾಗಿಲ್ಲ. ಬಿಟ್ಟ ಮೇಲೆ ಮಾವನ ಕಾಯಿಲೆ, ಆಮೇಲೆ ಅವರ ಸಾವು, ಅಷ್ಟರಲ್ಲಿ ಮಂಡಿ ಇನ್ನಷ್ಟು ಕೆಟ್ಟಿತ್ತು. ಈಗ ಹೆಬ್ಬಾವನ್ನೇ ಬಿಚ್ಚಿ ಹಾಕುತ್ತಾರೆ, ಆ ಜಾಗದಲ್ಲಿ ಬೇರೇನೋ ಬರುತ್ತದೆ ಅಂತ ಗೊತ್ತಾದ ದಿನ ನಾನೇ ಮನೆಗೆ ಬಂದು ಹೇಳಿದೆ. ಅತ್ತೆ ಬಟ್ಟೆ ಮಡಚುತ್ತಿದ್ದರು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದರು.

'ಹತ್ತೊಂಬತ್ತು ವರ್ಷ ಬರೀ ಜನರ ಅಂಗಾಲು ನೋಡಿದ್ದೀನಿ ಕಣೇ' ಅಂದರು. 'ಕಿರುಚ್ಕೊಂಡು ಬರ್ತಾರೆ, ಕೈಯಲ್ಲಿರೋದು ಬಿಟ್ಬಿಡ್ತಾರೆ, ಹೋಗ್ತಾರೆ. ಆ ತುದೀಲಿ ಅಂಥದ್ದೇನಿದೆ? ಒಂದು ಸಲ ಹತ್ತಿ, ಅಲ್ಲಿಂದ ನಾನು ಗುಡಿಸ್ತಿದ್ದ ಜಾಗ ಹೇಗೆ ಕಾಣುತ್ತೆ ನೋಡ್ಬೇಕು. ಅಷ್ಟೇ. ಇನ್ನೇನೂ ಬೇಡ.'

ಬೇಡುವವರಲ್ಲ ನಮ್ಮತ್ತೆ. ಅವರು ಬಾಯಿಬಿಟ್ಟು ಬೇಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕೊನೇ ದಿನದ ಪಟ್ಟಿಗೆ ನಾವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆವು. ಮೂವತ್ತು ದಿನ ಮುಂಚೆ, ಬೆಳಗ್ಗೆ ಆರಕ್ಕೆ ಫೋನಿನಲ್ಲಿ ಬಿಡುತ್ತಾರೆ. ನನ್ನ ಗಂಡ ಸಾಮಾನು ತಲುಪಿಸುವ ವ್ಯಾನು ಓಡಿಸುವವರು, ಆ ದಿನ ತಡವಾಗಿ ಹೊರಡುತ್ತೇನೆ ಅಂತ ಹೇಳಿ ಮನೆಯಲ್ಲೇ ಉಳಿದರು. ಅವರ ಕೈಯಲ್ಲೊಂದು ಫೋನು, ನನ್ನ ಕೈಯಲ್ಲೊಂದು. ಅತ್ತೆ ನಡುವೆ ಕೂತು ಗಡಿಯಾರ ನೋಡುತ್ತಿದ್ದರು. ಆರಾಯಿತು. ಪರದೆಯ ಮೇಲೆ ಒಂದು ಚಕ್ರ ತಿರುಗಿತು. 'ನಿಮಗಿಂತ ಮುಂದೆ ಹನ್ನೊಂದು ಸಾವಿರ ಜನ ಇದ್ದಾರೆ' ಅಂತ ಬಂತು. 'ಸಾಲು ತಪ್ಪಿಸೋಕೂ ಸಾಲಾ?' ಅಂದರು ಅತ್ತೆ. ನಾಲ್ಕು ನಿಮಿಷಕ್ಕೆ ಎಲ್ಲ ಮುಗಿದಿತ್ತು.

'ಹೋಗ್ಲಿ ಬಿಡಿ' ಅಂದರು ಅತ್ತೆ. 'ನಾನು ಕಾಲಿನವರ ಸಾಲಲ್ಲೇ ಬರ್ತೀನಿ. ನನಗೋಸ್ಕರ ಯಾರ ಕಾಲೂ ಹಿಡೀಬೇಡ.'

ಸಾಲಿನಲ್ಲಿ ನಿಂತರೂ ಸಿಕ್ಕೇ ಸಿಗುತ್ತದೆ ಅಂತ ನಮಗೆ ಧೈರ್ಯವಿತ್ತು. ನಮ್ಮಲ್ಲಿ ಒಂದು ಹಳೇ ಪದ್ಧತಿ. ಸಂಜೆ ಆರಕ್ಕೆ ಬಾಗಿಲು ಹಾಕುತ್ತಾರೆ, ಆದರೆ ಆರು ಗಂಟೆಗೆ ಯಾರು ಸಾಲಿನಲ್ಲಿ ಇದ್ದಾರೋ ಅವರೆಲ್ಲರನ್ನೂ ಹತ್ತಿಸಿಯೇ ಗಾಡಿ ನಿಲ್ಲಿಸುವುದು. ಏಳಾಗಲಿ, ಎಂಟಾಗಲಿ. ಕೊನೆಯವನ ಕೈಗೆ ಒಂದು ಹಲಗೆ ಕೊಡುತ್ತೇವೆ, ಅವನ ಹಿಂದೆ ಯಾರೂ ನಿಲ್ಲುವ ಹಾಗಿಲ್ಲ, ಅವನ ಮುಂದಿನವರನ್ನು ಯಾರೂ ವಾಪಸು ಕಳಿಸುವ ಹಾಗಿಲ್ಲ. ಕಾಲಿನವರಿಗೆ ನಮ್ಮಲ್ಲಿ ಉಳಿದಿದ್ದ ಮರ್ಯಾದೆ ಅದೊಂದೇ.

ಆ ದಿನ ಬೆಳಗ್ಗೆ ಸೂಪರ್‌ವೈಸರ್ ನಮ್ಮನ್ನೆಲ್ಲ ಸೇರಿಸಿದರು. ಕತ್ತಿನಲ್ಲಿ ಸದಾ ಸೀಟಿ ನೇತಾಡಿಸಿಕೊಂಡಿರುತ್ತಾರೆ, ನಮಗೆಲ್ಲ ಅವರು ಸೀಟಿ ಸಾಹೇಬರು. ಕೆಟ್ಟವರೇನಲ್ಲ. ಬೆಳಗ್ಗೆ ಪೂರ್ತಿ ಪಟ್ಟಿಯವರಿಗೆ, ಕಾಲಿನವರ ಬಾಗಿಲು ಒಂದು ಗಂಟೆಗೆ ತೆಗೆಯುವುದು, ಆರರ ಪದ್ಧತಿ ಎಂದಿನಂತೆ ಅಂತ ಹೇಳಿದರು. ಕೊನೆಗೆ, 'ಇವತ್ತು ಯಾರ ಮನೆಯವರಾದ್ರೂ ಬರ್ತಿದ್ದಾರಾ? ಈಗಲೇ ಹೇಳ್ಬಿಡಿ. ಕೊನೇ ದಿನ, ಏನಾದ್ರೂ ಮಾಡೋಣ' ಅಂದರು.

ಮೂರು ಜನ ಕೈ ಎತ್ತಿದರು. ನನ್ನ ಕೈ ಸೊಂಟದ ಹತ್ತಿರ ಅಲ್ಲಾಡಿತು. ಅಷ್ಟರಲ್ಲಿ ಆ ಕಡೆಯಿಂದ ಸೋಡಾಬುಡ್ಡಿ ನನ್ನನ್ನೇ ನೋಡುತ್ತಿರುವುದು ಕಂಡಿತು. ಹುಬ್ಬು ಎತ್ತಿದ ಪಾಪಿ. ನನ್ನ ಕೈ ಅಲ್ಲೇ ನಿಂತಿತು. ಅತ್ತೆಯೇ ಬೇಡ ಅಂದಿದ್ದಾರಲ್ಲ, ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅತ್ತೆಯ ಮಾತು ನೆವ, ಅವನ ಹುಬ್ಬಿಗೆ ಹೆದರಿದೆ.

ಅತ್ತೆ ಹತ್ತು ಗಂಟೆಗೇ ಬಂದು ಬಲಗಡೆ ಬಾಗಿಲ ಮುಂದೆ ಕೂತಿದ್ದರಂತೆ. ಆದರೆ ಒಂದು ಗಂಟೆಗೆ ಬಾಗಿಲು ತೆಗೆದಾಗ ಜನ ಮೈಮೇಲೆ ಬಿದ್ದು ನುಗ್ಗಿದರು, ಮಂಡಿ ಊರಿ ಎದ್ದು ನಿಲ್ಲುವಷ್ಟರಲ್ಲಿ ಅವರ ಮುಂದೆ ನೂರಾರು ಜನ. ಇಪ್ಪತ್ತಕ್ಕೆ ನಾಲ್ಕರಂತೆ ಬಿಟ್ಟರೆ ಆ ಸಾಲು ಕದಲುವುದು ಎಷ್ಟು ನಿಧಾನ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೂರು ಗಂಟೆಗೆ ಕಂಬಿಗಳ ಸಂದಿಯಲ್ಲಿ, ದೂರದಲ್ಲಿ, ಅವರ ತಲೆ ಕಂಡಿತು. ನಾಲ್ಕಕ್ಕೆ ಇನ್ನೊಂದು ಸುತ್ತು ಹತ್ತಿರ ಬಂದರು. ಕನ್ನಡಕಕ್ಕೆ ಹಿಂದಿನಿಂದ ದಾರ ಬಿಗಿದಿದ್ದರು, ಕಿವಿಯಲ್ಲಿ ಓಲೆ ಇರಲಿಲ್ಲ, ಕಾಲಿಗೆ ಹಿಮ್ಮಡಿ ಪಟ್ಟಿಯ ಚಪ್ಪಲಿ. ಬೀಳುವಂಥದ್ದು ಮೈಮೇಲೆ ಒಂದೂ ಇರಬಾರದು ಅಂತ. ಕೆಳಗೆ ಹೆಕ್ಕುವವರ ಕಷ್ಟ ಅವರಿಗೆ ಗೊತ್ತು. ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಾಯಿಸುತ್ತಾ ಕಂಬಿ ಹಿಡಿದು ನಿಂತಿದ್ದರು.

ಐದರ ಹೊತ್ತಿಗೆ ಹಗ್ಗದ ಹತ್ತಿರ ಬಂದಾಗ ನಾನೇ ತಡೆಯಲಾರದೆ ಕೇಳಿದೆ, 'ಅತ್ತೆ, ಕಾಲು ಹೇಗಿದೆ?'

'ನನ್ನ ಕಾಲು ಚೆನ್ನಾಗಿದೆ, ನೀನು ಎಣಿಸೋದು ನೋಡ್ಕೋ' ಅಂದರು. ಮುಖ ಬಾಡಿತ್ತು, ಆದರೆ ನಗುತ್ತಿದ್ದರು. ಬಾಗಿಲ ಬಳಿ ನಿಂತ ಮದುಮಗಳಿಗೂ ಅಷ್ಟು ಸಂಭ್ರಮ ಇರುವುದಿಲ್ಲ.

ಅದನ್ನು ಅವರ ಹಿಂದೆ ನಿಂತಿದ್ದವನು ಕೇಳಿಸಿಕೊಂಡ. ಐವತ್ತರ ಆಸುಪಾಸಿನ ಒಬ್ಬ, ಕಪ್ಪು ಕನ್ನಡಕ ಹಣೆಗೆ ಏರಿಸಿಕೊಂಡಿದ್ದ, ಬೆಳಗ್ಗೆಯಿಂದ ಬಂದ ಸಿಡುಕನ್ನೆಲ್ಲ ಮುಖದಲ್ಲೇ ಇಟ್ಟುಕೊಂಡಿದ್ದ. 'ಓಹೋ, ಅತ್ತೆಯಂತೆ' ಅಂದ ಪಕ್ಕದವರಿಗೆ. 'ಹಗ್ಗದವಳ ಮನೆಯವರು. ಇನ್ನೇನು, ಮುಂದಿನ ಗಾಡಿ ಅವರಿಗೇ. ನಾವು ಬೆಳಗಾಗೋವರೆಗೂ ನಿಂತಿರೋಣ.' ಫೋನು ತೆಗೆದು ನನ್ನ ಕಡೆ ಹಿಡಿದ. ಸೀಟಿ ಸಾಹೇಬರು ಮೆಟ್ಟಿಲ ಮೇಲೇ ಇದ್ದರು. ನಾಲ್ಕಾರು ಜನ ತಿರುಗಿ ನೋಡಿದರು.

ಗಾಡಿ ಬಂತು. ಎಡಗಡೆಯಿಂದ ಇಪ್ಪತ್ತು ಬಿಟ್ಟೆ. ಬಲಗಡೆ ಎಲ್ಲರಿಗಿಂತ ಮುಂದೆ ಒಬ್ಬ ಅಪ್ಪ, ಇಬ್ಬರು ಮಕ್ಕಳು. ಮೂರು. ನಾಲ್ಕನೆಯವರು ನಮ್ಮತ್ತೆ. ಅವರದೇ ಸರದಿ, ನಾಲ್ಕು ಗಂಟೆ ನಿಂತು ಗಳಿಸಿದ ಸರದಿ. ನಾನು ಯಾವ ಉಪಕಾರವನ್ನೂ ಮಾಡಬೇಕಿರಲಿಲ್ಲ, ಹಗ್ಗ ಇನ್ನೊಂದು ಗಳಿಗೆ ಹಾಗೇ ಎತ್ತಿ ಹಿಡಿದಿದ್ದರೆ ಸಾಕಿತ್ತು.

ನಾನು ಹಗ್ಗ ಇಳಿಸಿದೆ. ಅತ್ತೆಯ ಎದೆಗೆ ಸರಿಯಾಗಿ. 'ನೀವು ಮುಂದಿನ ಗಾಡಿಗೆ' ಅಂದೆ. ಆಮೇಲೆ ಆ ಕಪ್ಪು ಕನ್ನಡಕದವನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, 'ಬನ್ನಿ ಸಾರ್, ನೀವು ಬನ್ನಿ. ನನಗೆ ಮನೆಯವರೂ ಒಂದೇ, ಹೊರಗಿನವರೂ ಒಂದೇ' ಅಂದೆ.

ಅವನು ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಬಂದ, ಯಾಕೆ ಬರಲ್ಲ? ಅತ್ತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನನ್ನ ಮುಖ ನೋಡಿದರು, ಸೀಟಿ ಸಾಹೇಬರ ಮುಖ ನೋಡಿದರು, 'ಸರಿ' ಅಂದರು. ಬಲಗೈಯ ಗುಂಡಿ ಒತ್ತಿದೆ, ನಾಲ್ಕು. ಆ ಹೊತ್ತಿನಲ್ಲಿ ನನಗೆ ಏನನ್ನಿಸಿತ್ತು ಗೊತ್ತಾ? ಹೆಮ್ಮೆ ಅನ್ನಿಸಿತ್ತು. ನೋಡ್ಕೊಳ್ರಪ್ಪಾ ನಾನು ಎಂಥವಳು ಅಂತ. ಏನು, ಎರಡೂವರೆ ನಿಮಿಷದ ಮಾತು, ಮುಂದಿನ ಗಾಡಿಗೆ ಮೊದಲನೆಯವರೇ ಅವರು.

ಗಾಡಿ ಹೋಯಿತು, ಬಂತು. ಕಪ್ಪು ಕನ್ನಡಕದವನು ಕೂದಲು ಕೆದರಿಕೊಂಡು ಆ ಕಡೆ ಇಳಿದು ಹೋದ. ಮುಂದಿನ ಗಾಡಿಗೆ ಎಡಗಡೆಯಿಂದ ಬಿಡಲು ಶುರು ಮಾಡಿದೆ. ಹನ್ನೊಂದು ಎಣಿಸಿದ್ದೆ. ಕಟ್ಟೆಯ ಮೇಲಿನ ಕೆಂಪು ದೀಪ ಹತ್ತಿತು.

ಹೆಬ್ಬಾವು ಕೆಡುವುದು ಹೊಸದೇನಲ್ಲ. ಐದು ನಿಮಿಷ ಅಂದರು. ಆಮೇಲೆ ಹದಿನೈದು ಅಂದರು. ಎಣ್ಣೆ ಡಬ್ಬಿ ಹಿಡಿದು ಮೆಕ್ಯಾನಿಕ್ ಏಣಿ ಹತ್ತಿದ, ಇಳಿದ, ಮತ್ತೆ ಹತ್ತಿದ. ಅತ್ತೆ ಹಗ್ಗದ ಆ ಕಡೆ, ನಾನು ಈ ಕಡೆ. ಮಧ್ಯೆ ಒಂದು ಮಾರಿನ ಅಂತರವೂ ಇಲ್ಲ. ಕೂರುವ ಹಾಗಿಲ್ಲ, ಕೂತರೆ ಹಿಂದಿನವರು ತುಳಿಯುತ್ತಾರೆ. ಅವರು ಕಂಬಿಗೇ ಮೈ ಒರಗಿಸಿಕೊಂಡರು. 'ಮೂರನೇ ತಿರುವಿಂದಿರಬೇಕು' ಅಂದರು ಒಂದು ಸಲ. 'ನಾನು ಅವತ್ತೇ ಹೇಳಿದ್ದೆ.'

ಐವತ್ತು ನಿಮಿಷವಾಯಿತು. ಅಷ್ಟು ಹೊತ್ತೂ ಎಡಗಡೆ ಪಟ್ಟಿಯವರು ಬರುತ್ತಲೇ ಇದ್ದರು. ಐದೂಕಾಲರವರು, ಐದೂವರೆಯವರು, ಐದೂಮುಕ್ಕಾಲರವರು, ಎಲ್ಲರ ಹೊತ್ತೂ ಮೀರಿ ಎಲ್ಲರೂ ಒಟ್ಟಿಗೆ. ದೀಪ ಹಸಿರಾದಾಗ ಮೇಲಿಂದ ಫೋನು ಬಂತು. ಸೀಟಿ ಸಾಹೇಬರು ಕಿವಿಗೆ ಹಿಡಿದು 'ಹೂಂ, ಹೂಂ' ಅಂದರು, ಒಂದು ಸಲ 'ಆದರೆ ಸಾರ್' ಅಂದರು, ಮತ್ತೆ 'ಹೂಂ' ಅಂದರು. ಇಳಿದು ನನ್ನ ಹತ್ತಿರ ಬಂದರು.

'ಕಾಲಿನವರ ಸಾಲು ಮುಚ್ಚು.'

'ಅಂದ್ರೆ?'

'ಗಾಡಿ ಇನ್ನು ಸ್ವಲ್ಪ ಹೊತ್ತೇ ಓಡಿಸೋದು, ಮೆಕ್ಯಾನಿಕ್ ಅದಕ್ಕಿಂತ ಜಾಸ್ತಿ ಆಗಲ್ಲ ಅಂತಿದ್ದಾನೆ. ಬುಕ್ ಮಾಡಿರೋರಿಗೆ ಮಾತ್ರ.'

'ಆರರ ಪದ್ಧತಿ ಇದೆಯಲ್ಲ ಸಾರ್. ಬೆಳಗ್ಗೆ ನೀವೇ ಹೇಳಿದ್ರಿ.'

'ಹೇಳಿದ್ದೆ' ಅಂದರು. ಮುಖ ಆ ಕಡೆ ತಿರುಗಿಸಿಕೊಂಡರು. 'ಎಲ್ಲರಿಗೂ ಒಂದೊಂದು ಚೀಟಿ ಕೊಡ್ತಾರಂತೆ. ಇನ್ಯಾವತ್ತಾದ್ರೂ ಪುಕ್ಕಟೆ ಬರಬಹುದು.'

ಇನ್ಯಾವತ್ತು? ನಾಳೆಯಿಂದ ಬಿಚ್ಚುತ್ತಾರೆ. ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ.

ಆಗ ನಾನು ಸಾಹೇಬರ ಕೈ ಹಿಡಿದೆ. ಯಾರು ನೋಡುತ್ತಾರೆ, ಯಾರು ಫೋನು ಹಿಡಿಯುತ್ತಾರೆ, ಯಾವುದೂ ತಲೆಗೆ ಬರಲಿಲ್ಲ. 'ಸಾರ್, ಇವರು ನಮ್ಮತ್ತೆ. ಇದರ ಅಡಿಯಲ್ಲೇ ಹತ್ತೊಂಬತ್ತು ವರ್ಷ ಕೆಲಸ ಮಾಡಿದೋರು. ಒಬ್ಬರು. ಒಬ್ಬರನ್ನ ಬಿಡಿ.'

ಅವರು ಅತ್ತೆಯನ್ನು ನೋಡಿದರು, ಗುರುತು ಹಿಡಿದರು. 'ಅಮ್ಮಾ, ನೀವಾ?' ಅಂದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, 'ಬೆಳಗ್ಗೆ ಕೇಳಿದ್ನಲ್ಲ. ಆಗ ಹೇಳೋಕೇನಾಗಿತ್ತು ನಿನಗೆ? ಹಿಂದಿನ ಬಾಗಿಲಿಂದ ನಾನೇ ಹತ್ತಿಸ್ತಿದ್ದೆ. ಈಗ ಇವರ ಹಿಂದೆ ಇನ್ನೂರು ಜನ ಇದ್ದಾರೆ, ಇವರೊಬ್ಬರನ್ನ ಬಿಟ್ರೆ ಹಗ್ಗ ಹರೀತಾರೆ' ಅಂದರು. ಅದೂ ಸುಳ್ಳಲ್ಲ. ಸಾಲು ಆಗಲೇ ಕೂಗಾಡಲು ಶುರುಮಾಡಿತ್ತು.

ಅತ್ತೆ ನನ್ನ ಮೊಣಕೈ ಮುಟ್ಟಿದರು. 'ಸುಮ್ನಿರೇ' ಅಂದರು. 'ಅವರ ಹೊಟ್ಟೆ ಮೇಲೆ ಯಾಕೆ ಹೊಡೀತೀಯ.'

ಹಗ್ಗದ ಬದಲು ಸರಪಳಿ ತಂದುಕೊಟ್ಟರು. ನಾನೇ ಎಳೆದು ಕೊಂಡಿ ಹಾಕಿದೆ. ಕಾವಲಿನವರು ಹಿಂದಿನಿಂದ ಒಬ್ಬೊಬ್ಬರನ್ನೇ ತಿರುಗಿಸುತ್ತಾ ಬಂದರು. ಕಂಬಿಗಳ ಮಧ್ಯೆ ಸುತ್ತಿ ಸುತ್ತಿ ಬಂದ ದಾರಿಯಲ್ಲೇ ಸುತ್ತಿ ಸುತ್ತಿ ವಾಪಸು ಹೋಗಬೇಕು, ಬೇರೆ ದಾರಿ ಇಲ್ಲ. ಎಲ್ಲರಿಗಿಂತ ಮುಂದಿದ್ದ ಅತ್ತೆ ಎಲ್ಲರಿಗಿಂತ ಕೊನೆಗೆ ಹೊರಟರು. ಪ್ರತಿ ತಿರುವಿನಲ್ಲೂ ನಿಂತು ಉಸಿರು ತೆಗೆದುಕೊಂಡು, ಕಂಬಿ ಹಿಡಿದು, ಮತ್ತೆ ಹೆಜ್ಜೆ ಇಡುವರು. ನಾನು ಎಡಗಡೆಯವರನ್ನು ಎಣಿಸುತ್ತಾ ನಿಂತಿದ್ದೆ. ಬಿಟ್ಟು ಹೋಗುವ ಹಾಗಿಲ್ಲವಲ್ಲ.

ಆರೂಕಾಲಿಗೆ ಕೊನೆಯ ಗಾಡಿ ಬಂತು. ಎಡಗಡೆ ಉಳಿದಿದ್ದವರನ್ನೆಲ್ಲ ಬಿಟ್ಟೆ. ಹತ್ತೊಂಬತ್ತು. ಹಿಂದೆ ನೋಡಿದರೆ ಯಾರೂ ಇಲ್ಲ. ಕಾದು ಬೇಸತ್ತ ಪಟ್ಟಿಯವರು ಕೆಲವರು ದುಡ್ಡು ವಾಪಸು ಕೇಳಿ ಮನೆಗೆ ಹೋಗಿದ್ದರು. ಗಾಡಿಯ ಹಿಂಭಾಗದಲ್ಲಿ ಐದು ಸೀಟು, ಸಾಲಾಗಿ, ಬೆಲ್ಟು ಬಿಚ್ಚಿಕೊಂಡು ಬಿದ್ದಿದ್ದವು.

ನಾನು ಮೆಟ್ಟಿಲು ಹಾರಿಕೊಂಡು ಮೇಲೆ ಓಡಿದೆ. 'ಸಾರ್, ಐದು ಖಾಲಿ ಇದೆ. ನಮ್ಮತ್ತೆ ಹೊರಗೆ ಬೆಂಚಿನ ಮೇಲಿದ್ದಾರೆ. ಎರಡು ನಿಮಿಷ ನಿಲ್ಲಿಸಿ, ಹೊತ್ಕೊಂಡಾದ್ರೂ ಬರ್ತೀನಿ.'

ಸೀಟಿ ಸಾಹೇಬರು ಕೈಯಲ್ಲಿದ್ದ ಪರದೆ ನೋಡಿದರು. ಅದರಲ್ಲಿ ಇಪ್ಪತ್ತನಾಲ್ಕು ಚೌಕ, ಇಪ್ಪತ್ತನಾಲ್ಕೂ ಹಸಿರು.

'ಖಾಲಿ ಅಲ್ಲಮ್ಮ' ಅಂದರು. 'ಅವು ಬುಕ್ ಆಗಿರೋವು. ಬಾರದಿದ್ರೂ ಅವರದ್ದೇ.'

'ಕಾಣಿಸ್ತಿಲ್ವಾ ಸಾರ್? ಯಾರೂ ಕೂತಿಲ್ಲ ಅದರಲ್ಲಿ.'

ಅವರಿಗೆ ಕಾಣಿಸುತ್ತಿತ್ತು. ನನ್ನ ಕಣ್ಣು ತಪ್ಪಿಸಿದರು. ಸೀಟಿ ಬಾಯಿಗಿಟ್ಟು ಊದಿದರು, ಗಾಡಿ ಹೊರಟಿತು. ಹತ್ತೊಂಬತ್ತು ಜನ, ಐದು ಬೆಲ್ಟು. ತುದಿಗೇರಿ, ಒಂದು ಗಳಿಗೆ ನಿಂತ ಹಾಗೆ ಮಾಡಿ, ಬಿತ್ತು. ನಾನು ಕಿವಿ ಮುಚ್ಚಿಕೊಂಡೆ. ಹನ್ನೊಂದು ವರ್ಷದ ಕೆಲಸದಲ್ಲಿ ಹಾಗೆ ಮುಚ್ಚಿಕೊಂಡದ್ದು ಅದೊಂದೇ ಸಲ.

ಬಟ್ಟೆ ಬದಲಾಯಿಸಿ ಹೊರಗೆ ಬಂದಾಗ ಅತ್ತೆ ಬೆಂಚಿನ ಮೇಲೆ ಮಂಡಿ ನೀವಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಆ ಪುಕ್ಕಟೆ ಚೀಟಿ. ಅವರನ್ನು ಎಬ್ಬಿಸಿ, ಸೊಂಟಕ್ಕೆ ಕೈ ಕೊಟ್ಟು, ಬಸ್ ನಿಲ್ದಾಣದವರೆಗೆ ನಡೆಸಿಕೊಂಡು ಬಂದೆ. ದಾರಿಯುದ್ದಕ್ಕೂ ಬೈಯಲಿ ಅಂತ ಕಾದೆ. ಬಸ್ಸಿನಲ್ಲಿ ಕೂತ ಮೇಲೆ, ಕಿಟಕಿಯ ಕಡೆ ಮುಖ ಮಾಡಿಕೊಂಡು ಅಂದರು:

'ಎಡಗಡೆಯಿಂದ ಇಪ್ಪತ್ತು ಬಿಟ್ಟೆ. ಆಮೇಲೆ ಆ ಅಪ್ಪ, ಎರಡು ಮಕ್ಕಳು. ನಾಲ್ಕನೇದು ನಾನು ಅಂದ್ಕೊಂಡಿದ್ದೆ.'

ನಿಜ ಹೇಳಲು ಬಾಯಿ ತೆರೆದೆ. ಅವನು ಹಾಗಂದ, ಎಲ್ಲರೂ ನೋಡುತ್ತಿದ್ದರು, ನನಗೆ ನನ್ನ ಹೆಸರು ದೊಡ್ಡದಾಯಿತು, ಅದನ್ನು ಉಳಿಸಿಕೊಳ್ಳಲು ನಿಮ್ಮನ್ನು ಹಿಂದೆ ಹಾಕಿದೆ ಅತ್ತೆ, ಅಂತ. ಇಷ್ಟನ್ನು ಈಗ ಹೇಳುತ್ತಿದ್ದೇನಲ್ಲ, ಇದರಲ್ಲಿ ಒಂದಕ್ಷರವೂ ಆಗ ಹೊರಡಲಿಲ್ಲ.

'ಇಪ್ಪತ್ತೊಂದು ಬಿಟ್ಟಿದ್ದೆ ಅತ್ತೆ' ಅಂದೆ. 'ನೀವು ಎಣಿಸಿದ್ದು ತಪ್ಪಿರಬೇಕು.'

'ಇರಬೇಕು' ಅಂದರು ಅವರು. ಹತ್ತೊಂಬತ್ತು ವರ್ಷ ಆ ಗಾಡಿಯ ಅಂಗಾಲುಗಳನ್ನು ಎಣಿಸಿದವರು, ನಾಲ್ಕನೆಯವನಾಗಿ ಹೋದ ಕಪ್ಪು ಕನ್ನಡಕದವನಿಗೆ ತಾವೇ ಸರಿದು ದಾರಿ ಬಿಟ್ಟವರು.

ಮನೆಯಲ್ಲಿ ಇವರು ಬಾಗಿಲಲ್ಲೇ ಕಾಯುತ್ತಿದ್ದರು. ವ್ಯಾನು ಬೇಗ ಬಿಟ್ಟು ಬಂದಿದ್ದರು, ಅಮ್ಮನ ಬಾಯಿಂದ ಎಲ್ಲ ಕೇಳಬೇಕು ಅಂತ. 'ಹೇಗಿತ್ತಮ್ಮಾ? ಮೇಲಿಂದ ನಿನ್ನ ಜಾಗ ಕಾಣಿಸ್ತಾ?' ಅಂದರು.

ಅತ್ತೆ ಗೋಡೆ ಹಿಡಿದು ಕುರ್ಚಿಯಲ್ಲಿ ಕೂತರು. 'ಹತ್ತೋಕಾಗ್ಲಿಲ್ಲಪ್ಪ' ಅಂದರು. 'ನನ್ನ ಸರದಿ ಬರೋ ಹೊತ್ತಿಗೆ ಕೆಟ್ಟು ನಿಂತಿತು.'

ಇವರು ನನ್ನ ಕಡೆ ತಿರುಗಿದರು. ಮುಖ ಕೆಂಪಾಗಿತ್ತು. 'ನೀನು ಅಲ್ಲೇ ಇದ್ಯಲ್ಲ. ಅದಕ್ಕೆ ಮೊದಲೇ ಒಂದು ಗಾಡಿಗೆ ಬಿಡೋಕಾಗ್ತಿರಲಿಲ್ವಾ?'

ಅತ್ತೆ ಬಗ್ಗಿ ಚಪ್ಪಲಿಯ ಹಿಮ್ಮಡಿ ಪಟ್ಟಿ ಬಿಚ್ಚುತ್ತಿದ್ದರು, ತಲೆ ಎತ್ತಲಿಲ್ಲ.

'ಅವಳನ್ನ ಯಾಕೆ ಅಂತೀಯ' ಅಂದರು. 'ಜಾಗ ಇರಲಿಲ್ಲ. ಇದ್ದಿದ್ರೆ ನನ್ನನ್ನ ಬಿಡದೆ ಇರ್ತಿದ್ಲಾ?'

'ಅದೂ ನಿಜ' ಅಂದು ಇವರು ನೀರು ತರಲು ಒಳಗೆ ಹೋದರು.